ಬೆಲೆ ಏರಿಸಿದವರು ಯಾರು, ಲಾಭ ಉಣ್ಣುವವರು ಯಾರು?

ಉಡುಪಿಯಿಂದ ಮಣಿಪಾಲದವರೆಗೆ ಈಗ ಒಂದೇ ಮಂತ್ರ ಕೇಳಿಬರುತ್ತಿದೆ: “ಇಂದೇ ಫ್ಲಾಟು ಕೊಳ್ಳಿರಿ, ನಾಳೆ ಬೆಲೆ ಏರುತ್ತದೆ.” ಕೊಂಡವನು ಅದರಲ್ಲಿ ವಾಸಿಸಬೇಕೆಂದು ಯಾರೂ ಹೇಳುವುದಿಲ್ಲ. ಬೀಗ ಜಡಿದು ಮುಂಬಯಿಗೋ ದುಬಾಯಿಗೋ ಹೋದರೂ ಸರಿಯೆ, ಬೆಲೆ ತಾನಾಗಿ ಬೆಳೆಯುತ್ತದಂತೆ! ನಾವು ಕೇಳುತ್ತೇವೆ: ಗೋಡೆ ಬೆಳೆಯುತ್ತದೆಯೆ? ನಾಲ್ಕು ಮಳೆಗಾಲ ಕಂಡ ಗೋಡೆ ಪಾಚಿ ಕಟ್ಟುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ. ಏರುವುದು ಗೋಡೆಯ ಬೆಲೆಯಲ್ಲ, ಅದು ನಿಂತ ನೆಲದ ಬೆಲೆ.

ಹಾಗಾದರೆ ನೆಲದ ಬೆಲೆ ಏರಿಸಿದವರು ಯಾರು? 1953ರಲ್ಲಿ ಮೆಡಿಕಲ್ ಕಾಲೇಜು ಹುಟ್ಟುವ ಮೊದಲು ಮಣಿಪಾಲ ಒಂದು ಗುಡ್ಡ. ಅಲ್ಲಿ ರೋಗಿಗಳ ಸೇವೆ ಮಾಡಿದ ದಾದಿಯರು, ಬಸ್ಸು ಓಡಿಸಿದವರು, ಹೋಟೆಲಿನಲ್ಲಿ ಲೋಟ ತೊಳೆದವರು, ಗದಗ ಬಾಗಲಕೋಟೆಗಳಿಂದ ಬಂದು ಮುರಕಲ್ಲು ಹೊತ್ತವರು, ಬೀದಿಬದಿಯಲ್ಲಿ ಅಂಗಡಿ ತೆರೆದವರು — ಇವರೆಲ್ಲ ಸೇರಿ ಗುಡ್ಡವನ್ನು ಪಟ್ಟಣ ಮಾಡಿದರು. ಪೆರ್ಡೂರು, ಹಿರಿಯಡ್ಕಗಳ ಮೇಲೆ ಹಾಯುವ 169ಎ ಹೆದ್ದಾರಿ ಸಾರ್ವಜನಿಕರ ಹಣದಲ್ಲಿ ಆದದ್ದು. ರಸ್ತೆ ನಮ್ಮದು, ಬೆವರು ನಮ್ಮದು. ಸೆಂಟ್ಸಿನ ಲೆಕ್ಕದಲ್ಲಿ ಏರಿದ ಬೆಲೆ ಮಾತ್ರ ಅವರದು! ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

“ಬ್ಯಾಂಕಿನ ಸಾಲವಿದೆಯಲ್ಲ, ನೀವೂ ಕೊಳ್ಳಿರಿ” ಎನ್ನುವ ಮಹನೀಯರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಶೇಕಡಾ 9ರ ಬಡ್ಡಿಯಲ್ಲಿ 20 ವರ್ಷಕ್ಕೆ 20 ಲಕ್ಷ ರೂಪಾಯಿ ಸಾಲ ಪಡೆದರೆ ತಿಂಗಳ ಕಂತು ಸುಮಾರು 18 ಸಾವಿರ. ಕೊನೆಗೆ ಕಟ್ಟಿದ ಹಣ 43 ಲಕ್ಷ. ಗೇರುಬೀಜ ಕಾರ್ಖಾನೆಯ ಯಾವ ಕಾರ್ಮಿಕಳು ಈ ಕಂತು ಕಟ್ಟಿ, ಮೇಲೆ ಮಕ್ಕಳಿಗೆ ಗಂಜಿ ಕಾಯಿಸಬಲ್ಲಳು? ಸಣ್ಣ ವ್ಯಾಪಾರಿಗೂ ನೆಮ್ಮದಿಯಿಲ್ಲ. ನೆಲದ ಬೆಲೆ ಏರಿದೊಡನೆ ಅಂಗಡಿಯ ಬಾಡಿಗೆ ಏರುತ್ತದೆ, ಮುಂಗಡ ಏರುತ್ತದೆ. ಗಿರಾಕಿಯ ಕಿಸೆ ಮಾತ್ರ ಏರುವುದಿಲ್ಲ.

ನೆಲದ ಈ ಪ್ರಶ್ನೆ ನಮಗೆ ಹೊಸದಲ್ಲ. 1951ರಲ್ಲಿ ಘಟ್ಟದ ಮೇಲಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಸಮಾಜವಾದಿಗಳು ಅವರೊಡನೆ ಜೈಲಿಗೆ ಹೋದರು, ಲೋಹಿಯಾರೂ ಬಂಧಿತರಾದರು. 1974ರ ತಿದ್ದುಪಡಿಯಿಂದ ನಮ್ಮ ಕರಾವಳಿಯಲ್ಲಿ ಧಣಿಗಳಿಗೆ ಮುಡಿ ಅಕ್ಕಿ ಅಳೆಯುತ್ತಿದ್ದ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯರಾದರು. ಆದರೆ 2020ರಲ್ಲಿ ಸರಕಾರವು ಅದೇ ಭೂಸುಧಾರಣಾ ಕಾನೂನಿನ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿತು. ಕೃಷಿಕನಲ್ಲದ ಹಣವಂತನಿಗೂ ಗದ್ದೆಯ ಬಾಗಿಲು ತೆರೆಯಿತು. ಹಳೆಯ ಧಣಿ ಗೇಣಿ ಕೇಳುತ್ತಿದ್ದ; ಹೊಸ ಧಣಿ ಬಾಡಿಗೆ ಕೇಳುತ್ತಾನೆ. ಭೇದವಿಷ್ಟೆ.

2016ರ ರೇರಾ ಕಾನೂನು ಇದೆಯಲ್ಲವೆ ಎನ್ನಬಹುದು. ಕೊಂಡವನಿಗೆ ಬಿಲ್ಡರು ಮೋಸ ಮಾಡದಂತೆ ಅದು ಕಾಯುತ್ತದೆ, ಒಳ್ಳೆಯದೇ. ಆದರೆ ಕೊಳ್ಳಲಾರದವನನ್ನು ಕಾಯುವ ಕಾನೂನು ಎಲ್ಲಿದೆ?

ದುಡಿದು, ಸಾಲ ಮಾಡಿ, ತನ್ನ ಸಂಸಾರಕ್ಕೆ ಒಂದು ಮನೆ ಕೊಂಡವನೊಡನೆ ನಮಗೆ ಜಗಳವಿಲ್ಲ, ಆತ ನಮ್ಮವನೇ. ನಮ್ಮ ಜಗಳ ಬೆಲೆ ಏರಲೆಂದು ಬೀಗ ಹಾಕಿಟ್ಟ ಎರಡನೆಯ, ಮೂರನೆಯ ಮನೆಯೊಡನೆ. ಅಂಥ ಮನೆಗೆ ಹೆಚ್ಚಿನ ತೆರಿಗೆ ಬೀಳಲಿ. ಸಾರ್ವಜನಿಕ ರಸ್ತೆಯಿಂದ ಏರಿದ ಬೆಲೆಯಲ್ಲಿ ಪಂಚಾಯತಿಗೂ ನಗರಸಭೆಗೂ ಪಾಲು ಸಲ್ಲಲಿ. ಆ ಹಣದಿಂದ ಸರಕಾರಿ ಜಾಗದಲ್ಲಿ ದುಡಿಯುವವರಿಗೆ ಕಡಿಮೆ ಬಾಡಿಗೆಯ ಮನೆಗಳು ಏಳಲಿ.

ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ! ಮುಂದಿನ ಗ್ರಾಮಸಭೆಯಲ್ಲಿ, ವಾರ್ಡು ಸಭೆಯಲ್ಲಿ ಈ ಮೂರು ಬೇಡಿಕೆಗಳನ್ನು ಎದ್ದು ನಿಂತು ಓದಿರಿ, ನಡವಳಿಯಲ್ಲಿ ಬರೆಯಿಸಿರಿ. ಮತ ಕೇಳಲು ಬರುವವನನ್ನೂ ಇದನ್ನೇ ಕೇಳಿರಿ. ನಾವು ಭಿಕ್ಷೆ ಬೇಡುತ್ತಿಲ್ಲ. ನಾವು ಏರಿಸಿದ ಬೆಲೆಯಲ್ಲಿ ನಮ್ಮ ಪಾಲು ಕೇಳುತ್ತಿದ್ದೇವೆ.