ಟ್ರೇಸ್ ಮಾಡಿದರೆ ಕೂಲಿ ಯಾಕೆ ಕಡಿಮೆ?

ನ್ಯಾಮತಿ ಕಡೆಯ ಗೋಡೆಯೊಂದಕ್ಕೆ ನನ್ನ ಗೆಳೆಯ ಪ್ರೊಜೆಕ್ಟರ್ ಇಟ್ಟು ಗೆರೆ ಎಳೆದುಕೊಂಡ. ಕೆಲಸ ಕೊಟ್ಟವರು 'ಇದಕ್ಕೇನು ಕಲೆ ಬೇಕು?' ಎಂದು ಮಾತಾಡಿದ ಕೂಲಿಯಲ್ಲಿ ಅರ್ಧ ಮುರಿದುಕೊಂಡು ಕೊಟ್ಟರು. ಪಿಎಚ್.ಡಿ. ಮಾಡುತ್ತಿರುವ ನನಗೂ ಕೃತಿಚೌರ್ಯ ಅಂದರೇನು ಗೊತ್ತು; ಇದು ಅದಲ್ಲ.

ಬ್ಲೌಸಿಗೆ ಕಸೂತಿ ಹಾಕುವವರು ಟ್ರೇಸಿಂಗ್ ಪೇಪರಿಗೆ ಸೂಜಿಯಿಂದ ತೂತು ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿ ಒರೆಸಿ ಡಿಸೈನ್ ಇಳಿಸುತ್ತಾರೆ. ಅವರನ್ನು ಯಾರಾದರೂ ಕಳ್ಳರು ಅಂದದ್ದುಂಟೆ? 1508ರಿಂದ 1512ರವರೆಗೆ ಸಿಸ್ಟೀನ್ ಚಾಪೆಲ್ಲಿನ ಚಾವಣಿಗೆ ಬಣ್ಣ ಹಚ್ಚಿದ ಮೈಕೆಲ್ಯಾಂಜೆಲೊ ಕೂಡ ತೂತು ಚುಚ್ಚಿದ ಕಾಗದದಿಂದ ಇದ್ದಿಲ ಪುಡಿ ಉದುರಿಸಿ ಆಕೃತಿಗಳನ್ನು ಇಳಿಸಿದವನೇ.

ಪ್ರೊಜೆಕ್ಟರ್ ಕೊಡುವುದು ಬರೀ ಹೊರಗೆರೆ. ಅದನ್ನು ಸ್ವಲ್ಪ ಮೇಲಕ್ಕೆ ಓರೆ ಮಾಡಿದರೆ ಚಿತ್ರದ ತಲೆ ಅಗಲವಾಗಿ ಕೂರುತ್ತದೆ. ಬೆಳಕು ಆರಿದ ಮೇಲೆ ಬಣ್ಣ ಕಲಸುವುದು, ನೆರಳು ಹಿಡಿಯುವುದು, ಉಬ್ಬುತಗ್ಗಿನ ಗಾರೆಯ ಮೇಲೆ ಒಂದು ಕಣ್ಣು ಕೂರಿಸುವುದು ಎಲ್ಲವೂ ಕೈಯ ಕೆಲಸ.

ನನ್ನ ಜಗಳ ಏನನ್ನು ಇಳಿಸುತ್ತೇವೆ ಎಂಬುದರ ಬಗ್ಗೆ. ಜಗಳೂರಿನಿಂದ ಹೊನ್ನಾಳಿಯವರೆಗೆ ನಾನು ನೋಡಿದ ಗೋಡೆಗಳಲ್ಲಿ ಅದೇ ಡೌನ್‌ಲೋಡ್ ಮಾಡಿದ ವಾರ್ಲಿ ಬೊಂಬೆಗಳು. ಮಹಾರಾಷ್ಟ್ರದ ಆದಿವಾಸಿಗಳ ಆ ಚಿತ್ರದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಚನ್ನಗಿರಿ ತಾಲ್ಲೂಕಿನಲ್ಲೇ ಸಂತೇಬೆನ್ನೂರಿನ ಪುಷ್ಕರಣಿ ಇದೆಯಲ್ಲ!

ಗೆಳೆಯ ಮುಂದಿನ ಗೋಡೆಗೆಂದು ಆ ಪುಷ್ಕರಣಿಯ ನಡುವಿನ ಮಂಟಪದ ಫೋಟೊ ತೆಗೆದುಕೊಂಡು ಬಂದಿದ್ದಾನೆ. ಕೂಲಿ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.