ಗೋಮಾಳಕ್ಕೂ ಬಿಡುವು ಬೇಕು

ರೋಹಿಣಿ ಮಳೆ ಬಿದ್ದ ವಾರದೊಳಗೆ ಬಯಲುಸೀಮೆಯ ಗೋಮಾಳಗಳಲ್ಲಿ ಹಸಿರು ಚಿಗುರುತ್ತದೆ. ಬೇಸಿಗೆಯುದ್ದಕ್ಕೂ ಒಣಮೇವು ತಿಂದ ದನಕರುಗಳನ್ನು ಊರಿಗೆ ಊರೇ ಅಲ್ಲಿಗೆ ಬಿಡುತ್ತದೆ. ಕೇಡು ಶುರುವಾಗುವುದೇ ಆಗ. ಆ ಮೊದಲ ಎಲೆಗಳು ಬಂದಿರುವುದು ಬೇರಿನಲ್ಲಿ ಕೂಡಿಟ್ಟ ಆಹಾರದಿಂದ. ಎಲೆ ಬಲಿತು ಆ ಸಾಲ ತೀರಿಸುವ ಮೊದಲೇ ಮೇಯಿಸಿದರೆ ಬೇರು ಸೊರಗುತ್ತದೆ. ವರ್ಷವರ್ಷವೂ ಹೀಗೇ ಆದರೆ ಅಂಜನದಂಥ ಒಳ್ಳೆಯ ಹುಲ್ಲು ಹೋಗಿ, ದನ ಮೂಸಿಯೂ ನೋಡದ ಪಾರ್ಥೇನಿಯಂ, ಲಂಟಾನ ಹಬ್ಬುತ್ತವೆ.

ಗೋಮಾಳದ ಮಾತು ಬಂದರೆ ನಮ್ಮಲ್ಲಿ ಒತ್ತುವರಿಯದ್ದೇ ಚರ್ಚೆ. ನೂರು ರಾಸುಗಳಿಗೆ 30 ಎಕರೆ ಎನ್ನುತ್ತದೆ ಭೂಕಂದಾಯ ನಿಯಮ. ಆ ಜಾಗ ಉಳಿಯಲೇಬೇಕು, ನಿಜ. ಆದರೆ ಉಳಿದಿರುವ ಜಾಗದಲ್ಲಿ ಹುಲ್ಲು ಹೇಗಿದೆ ಎಂದು ಕೇಳುವವರೇ ಇಲ್ಲ.

ಮೈಸೂರು ಸಂಸ್ಥಾನ ಕೇಳುತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ದನಗಳ ಇಲಾಖೆ ‘ಬೆಣ್ಣೆ ಚಾವಡಿ’, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಅದರ ಕಾವಲುಗಳನ್ನು, ಅಂದರೆ ಹುಲ್ಲುಗಾವಲುಗಳನ್ನು, ಬೇಸಿಗೆ, ಮಳೆಗಾಲ, ಚಳಿಗಾಲವೆಂದು ಹಂಚಲಾಗಿತ್ತು. ನೆರಳೂ ನೀರೂ ಇರುವ ಬೇಸಿಗೆ ಕಾವಲನ್ನು ಜೋಪಾನವಾಗಿ ಕಾಯ್ದು, ದನಗಳನ್ನು ಕಾಲಕ್ಕೆ ತಕ್ಕಂತೆ ಸ್ಥಳ ಬದಲಿಸಿ ಮೇಯಿಸುತ್ತಿದ್ದರು. ಹುಲ್ಲಿಗೆ ಬೀಜ ಕಟ್ಟಿ ಉದುರಿಸಲು ಪುರುಸೊತ್ತು ಸಿಗುತ್ತಿತ್ತು.

ಈಗ ಆ ಕ್ರಮದ ಜೊತೆಗೆ ದ್ವಿದಳ ಮೇವೂ ಸೇರಬೇಕು. ಒಣಭೂಮಿಗೆ ಹೇಳಿಮಾಡಿಸಿದ್ದು ಸ್ಟೈಲೋ: ಹಳದಿ ಹೂವಿನ, ಮೂರೆಲೆಯ ಗಿಡ. ಮಳೆಗಾಲದಲ್ಲಿ ಕಿತ್ತು ಬೇರು ನೋಡಿದರೆ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪಿದ್ದರೆ, ಅಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿದೆ ಎಂದರ್ಥ. ಪಕ್ಕದ ಹುಲ್ಲಿಗೂ ಕಾಲಕ್ರಮೇಣ ಅದರ ಪಾಲು ಸಿಗುತ್ತದೆ. ಬಲಿತು ಒಣಗಿದ ಹುಲ್ಲಿನಲ್ಲಿ ಪ್ರೋಟೀನ್ ತೀರಾ ಕಡಿಮೆ. ಆ ಕೊರತೆಯನ್ನು ಸ್ಟೈಲೋ ತುಂಬುತ್ತದೆ. ಹಸಿ ಕುದುರೆಮೆಂತೆಯನ್ನು ಅತಿಯಾಗಿ ಮೇಯ್ದ ದನಕ್ಕೆ ಬರುವ ಹೊಟ್ಟೆಯುಬ್ಬರದ ಭಯ ಇದರಲ್ಲಿಲ್ಲ. ಬೀಜದ ಸಿಪ್ಪೆ ಗಟ್ಟಿ, ಹಾಗಾಗಿ ಬಿತ್ತುವ ಮೊದಲು ಕೆಲವು ನಿಮಿಷ ಬಿಸಿನೀರಿನಲ್ಲಿ ನೆನೆಸಬೇಕು.

ಹುಲ್ಲಿಗೆ ಬಿಡುವು ಬೇಕೆಂದು, ಮೇಯಿಸಲು ಬೇರೆ ಜಾಗವಿಲ್ಲದ ಕುರಿಗಾಹಿಗಳಿಗೆ ಗೋಮಾಳ ಮುಚ್ಚಿ ಎನ್ನುವುದು ಅನ್ಯಾಯ. ಇಡೀ ಗೋಮಾಳವನ್ನು ಮುಚ್ಚಬೇಕಿಲ್ಲ, ನಾಲ್ಕನೇ ಒಂದು ಭಾಗ ಸಾಕು. ಯಾವ ಭಾಗ ಎಂಬುದನ್ನು ಅವರನ್ನೂ ಕೂರಿಸಿಕೊಂಡೇ ಗ್ರಾಮಸಭೆ ತೀರ್ಮಾನಿಸಲಿ. ಬರುವ ಮುಂಗಾರಿಗೆ ಮುಂಚೆ ಪಂಚಾಯಿತಿಗಳು ಅಷ್ಟಕ್ಕೆ ಬೇಲಿ ಹಾಕಿ, ಅಂಜನ ಮತ್ತು ಸ್ಟೈಲೋ ಬೀಜ ಚೆಲ್ಲಲಿ. ಮುಂದಿನ ವರ್ಷ ಆ ಬೇಲಿ ಪಕ್ಕದ ಭಾಗಕ್ಕೆ ಹೋಗಲಿ.