ಮೊದಲು ಪುಸ್ತಕ, ಆಮೇಲೆ ಡ್ಯಾಷ್‌ಬೋರ್ಡ್

ರೈತ ಉತ್ಪಾದಕ ಕಂಪೆನಿ ಕಚೇರಿ ತೆರೆದು ತಿಂಗಳಾಗುವುದರೊಳಗೆ 'ನಮಗೂ ಒಂದು ಡ್ಯಾಷ್‌ಬೋರ್ಡ್ ಬೇಕು' ಎಂಬ ಮಾತು ಏಳುತ್ತದೆ. ಖರೀದಿ, ಮಾರಾಟ, ಸದಸ್ಯರ ಸಂಖ್ಯೆ ಎಲ್ಲವನ್ನೂ ಬಣ್ಣದ ಗೆರೆಗಳಲ್ಲಿ ತೋರಿಸುವ ಕಂಪ್ಯೂಟರ್ ಪರದೆ ಅದು. ಬೇಡವೆಂದಲ್ಲ. ಇಷ್ಟು ಬೇಗ ಬೇಕಾ?

2020ರಲ್ಲಿ ಶುರುವಾದ ಕೇಂದ್ರದ ಹತ್ತು ಸಾವಿರ ಎಫ್‌ಪಿಓ ಯೋಜನೆ ಒಂದು ಕಂಪೆನಿಯ ಆಡಳಿತ ಖರ್ಚಿಗೆ ಗೊತ್ತುಮಾಡಿದ ನೆರವು ಮೂರು ವರ್ಷಕ್ಕೆ ಗರಿಷ್ಠ 18 ಲಕ್ಷ ರೂಪಾಯಿ. ತಿಂಗಳಿಗೆ ಸರಾಸರಿ 50 ಸಾವಿರ ಆಯಿತು. ವ್ಯವಸ್ಥಾಪಕರ ಸಂಬಳ, ಲೆಕ್ಕದವರ ಸಂಬಳ, ಬಾಡಿಗೆ ಎಲ್ಲ ಇದರಲ್ಲೇ. ಆಮೇಲೆ ನಮ್ಮ ಕಾಲಲ್ಲಿ ನಾವೇ ನಿಲ್ಲಬೇಕು. ಈ ದುಡ್ಡಲ್ಲಿ ಪರದೆ ಕೊಳ್ಳುವ ಮೊದಲು ಅದರಲ್ಲಿ ಏನು ಕಾಣಬೇಕೆಂದು ಗೊತ್ತಿರಬೇಡವೇ?

ಕಾಳುಮೆಣಸನ್ನೇ ತೆಗೆದುಕೊಳ್ಳಿ. ಶೇ. 15 ತೇವವಿರುವ 1,000 ಕಿಲೋ ಕೊಂಡು ಶೇ. 12ಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು 966 ಕಿಲೋ. 34 ಕಿಲೋ ಬಿಸಿಲಿಗೆ ಹೋಯ್ತು. ಕೊಂಡ ದರಕ್ಕಿಂತ ಶೇ. ಮೂರೂವರೆ ಹೆಚ್ಚಿಗೆ ಮಾರಿದರೆ ಅಸಲು ಕೈಗೆ ಬಂತು, ಅಷ್ಟೆ. ಕೂಲಿ, ಸಾಗಾಟ ಇನ್ನೂ ಮೈಮೇಲೇ ಇದೆ. ವಹಿವಾಟಿನ ಗೆರೆ ಮಾತ್ರ ಪರದೆಯಲ್ಲಿ ಚಂದಕ್ಕೆ ಏರುತ್ತಿರುತ್ತದೆ!

ಮೊದಲ ವರ್ಷ ನನಗೆ ಮುಖ್ಯವೆನಿಸುವುದು ಈ ಒಣಗಿದ ತೂಕ, ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು, ಮಾಲು ಕೊಟ್ಟ ಸದಸ್ಯರಿಗೆ ಎಷ್ಟು ದಿನದಲ್ಲಿ ದುಡ್ಡು ಸಿಕ್ಕಿತು ಎಂಬುದು. ದುಡ್ಡು ತಡವಾದರೆ ಮುಂದಿನ ಸಲ ಅವರ ಚೀಲ ಪೇಟೆಯ ವ್ಯಾಪಾರಿಯ ಅಂಗಡಿಯಲ್ಲೇ ಇಳಿಯುತ್ತದೆ. ಹಾಗಾಗಿ ಒಟ್ಟು ಸದಸ್ಯರೆಷ್ಟು ಎನ್ನುವುದಕ್ಕಿಂತ ಎರಡನೇ ಸಲ ಮಾಲು ತಂದವರೆಷ್ಟು ಎಂದು ಬರೆದಿಡಿ. ಇಷ್ಟಕ್ಕೆ ಗೀಟು ಹಾಕಿದ ಒಂದು ಪುಸ್ತಕ, ವಾರಕ್ಕೊಮ್ಮೆ ಅರ್ಧ ಗಂಟೆ ಸಾಕು. (ಕಾನೂನಿನ ಲೆಕ್ಕಪತ್ರ, ಜಿಎಸ್‌ಟಿ ಬೇರೆ ವಿಷಯ. ಅದಕ್ಕೆ ಸಾಫ್ಟ್‌ವೇರ್ ಬೇಕಾದರೆ ಮೊದಲ ದಿನವೇ ತನ್ನಿ.)

ಹಾಗಾದರೆ ಡ್ಯಾಷ್‌ಬೋರ್ಡ್ ಯಾವಾಗ? ಮೂರು ನಾಲ್ಕು ಕಡೆ ತೂಕ ಶುರುವಾಗಿ, ಸಂಜೆಗೆ ಎಲ್ಲಿ ಎಷ್ಟು ಮಾಲಿದೆಯೆಂದು ವ್ಯವಸ್ಥಾಪಕರಿಗೇ ತಿಳಿಯದೆ ಹೋದಾಗ. ದರ ಒಳ್ಳೆಯದಿದ್ದ ದಿನ ದಾಸ್ತಾನಿನ ಲೆಕ್ಕ ಸಿಗದೆ ಮಾರಾಟ ತಪ್ಪಿದಾಗ. ಅಷ್ಟರಲ್ಲಿ ಪುಸ್ತಕದ ಯಾವ ಕಾಲಂ ಪ್ರತಿ ಸಭೆಯಲ್ಲಿ ಉಪಯೋಗಕ್ಕೆ ಬಂತು, ಯಾವುದನ್ನು ಯಾರೂ ಕೇಳಲೇ ಇಲ್ಲ ಎಂಬುದು ಗೊತ್ತಾಗಿರುತ್ತದೆ. ಕಂಪ್ಯೂಟರಿನವರು 'ನಿಮಗೆ ಏನೇನು ಬೇಕು?' ಎಂದು ಕೇಳಿದಾಗ, 'ಎಲ್ಲವೂ ಇರಲಿ' ಎನ್ನುವ ಬದಲು ಆ ಪುಸ್ತಕವನ್ನೇ ಅವರ ಕೈಗೆ ಕೊಡಬಹುದು.